ಕಮರಿಯ ದಡದಲ್ಲಿ ಹೆಪ್ಪುಗಟ್ಟಿದ ಗ್ರೀಸು

ಕಮರಿಯಾಚೆಯ ಹವಾಮಾನ ಠಾಣೆಯಲ್ಲಿ ವೀಕ್ಷಕ ಕಾಲು ಮುರಿದುಕೊಂಡು ಮಲಗಿದ್ದಾನೆಂದು ವೈರ್‌ಲೆಸ್‌ನಲ್ಲಿ ಸುದ್ದಿ ಬಂತು. ಆ ಹಿಮಗಾಳಿಯಲ್ಲಿ ಹೆಲಿಕಾಪ್ಟರ್ ಹಾರುವಂತಿರಲಿಲ್ಲ. ನಡೆದೇ ಹೋಗಿ ಕರೆತರಬೇಕು. ಹೊರಟವರು ಮೂವರು: ಡಾಕ್ಟರಮ್ಮ, ಬೆಟ್ಟದ ಹಾದಿ ಬಲ್ಲ ಗೈಡ್, ಅವನ ನಾದಿನಿಯಾದ ಮೆಕ್ಯಾನಿಕ್. ಕಮರಿ ದಾಟಿಸುವ ತೂಗುಪೆಟ್ಟಿಗೆಯ ರಾಟೆಯನ್ನು ಬೇಸಿಗೆಯಲ್ಲಿ ರಿಪೇರಿ ಮಾಡಿದ್ದವಳು ಅವಳೇ.

ಎರಡು ದಿನ ಮಂಡಿಯುದ್ದದ ಹಿಮ ತುಳಿದರು. ಮರಗಳು ಮುಗಿದವು, ಬರೀ ಬಂಡೆ ಉಳಿಯಿತು. ಮೂರನೆಯ ಬೆಳಿಗ್ಗೆ ನೆಲ ಥಟ್ಟನೆ ಮುಗಿದು ಕಮರಿ ಎದುರಾಯಿತು. ಎಷ್ಟೋ ಕೆಳಗೆ ನದಿ ಬಿಳಿ ನೂಲಿನಂತೆ ಬಿದ್ದಿತ್ತು. ಮೇಲೆ ಉಕ್ಕಿನ ಹಗ್ಗ, ಅದರಲ್ಲಿ ತೂಗುಪೆಟ್ಟಿಗೆ. ಈಚೆ ದಡದ ರಾಟೆ ತಿರುಗಿಸಿದರೆ ಪೆಟ್ಟಿಗೆ ಹೋಗಿ ಬರುತ್ತದೆ.

ಗೈಡ್ ಭಾವ ರಾಟೆಯ ಹಿಡಿಕೆಗೆ ಮೈಭಾರವೆಲ್ಲ ಹಾಕಿ ಒತ್ತಿದ. ರಾಟೆ ಜಪ್ಪಯ್ಯ ಅಂದರೂ ಅಲುಗಲಿಲ್ಲ.

ಅವಳು ಬೇರಿಂಗಿನ ಮುಚ್ಚಳ ಬಿಚ್ಚಿದಳು. ಒಳಗೆ ಗ್ರೀಸು ಮೇಣದಂತೆ ಗಟ್ಟಿಯಾಗಿತ್ತು.

"ತಪ್ಪು ನಂದೇ ಭಾವ. ಬಿಸಿಲಿಗೆ ಕರಗದಿರಲಿ ಅಂತ ಮಂದ ಗ್ರೀಸು ಗಿಡಿದು ತುಂಬಿದ್ದೆ. ಚಳಿಗಾಲದ ಯೋಚನೆಯೇ ಬರಲಿಲ್ಲ."

"ಅಳೋದು ಆಮೇಲೆ. ಅದರ ಮೇಲೇ ಒಂದಿಷ್ಟು ತೆಳು ಗ್ರೀಸು ಬಳಿ."

"ಬೇಡ. ಎರಡು ಜಾತಿ ಗ್ರೀಸು ಬೆರೆತರೆ ಕೆಲವು ಸಲ ನೀರಾಗಿ ಸೋರಿಹೋಗುತ್ತೆ. ಹಳೇದು ಪೂರ್ತಿ ಹೋಗಲೇಬೇಕು."

ಚಾಕುವಿನಿಂದ ಕೆರೆದಳು. ಸೀಮೆಎಣ್ಣೆಯಲ್ಲಿ ತೊಳೆದಳು. ಬೆರಳು ಮರಗಟ್ಟಿದಾಗ ಕಂಕುಳಲ್ಲಿಟ್ಟು ಬಿಸಿಮಾಡಿಕೊಂಡು ಮತ್ತೆ ಕೆರೆದಳು. ಒರೆಸಿ ಒಣಗಿಸಿ, ಈ ಸಲ ಚಳಿಗೆಂದೇ ತಂದ ಮೆದು ಗ್ರೀಸನ್ನು ಬೇರಿಂಗಿನ ಗುಂಡುಗಳ ನಡುವೆ ಒತ್ತಿದಳು.

"ಇಷ್ಟೇನಾ? ಜಿಪುಣಿ!"

"ಮೂರನೇ ಒಂದು ಪಾಲು ಸಾಕು. ಪೂರ್ತಿ ತುಂಬಿದರೆ ರಾಟೆ ಸಲೀಸಾಗಿ ತಿರುಗದೆ ಬೆಣ್ಣೆ ಕಡೆದ ಹಾಗೆ ಅದನ್ನೇ ಕಡೀತಾ ಕೂರುತ್ತೆ."

ಪೆಟ್ಟಿಗೆಯ ಗಾಲಿಗಳಿಗೂ ಅದೇ ಉಪಚಾರವಾಯಿತು. ಅಷ್ಟರಲ್ಲಿ ಭಾವ ಜಿಡ್ಡುಗೈಯಲ್ಲೇ ರಾಟೆಯ ಬ್ರೇಕಿನ ಉರುಳೆ ಹಿಡಿದ.

"ಭಾವಾ, ಕೈ ತೆಗೀರಿ! ಅಲ್ಲಿ ಜಿಡ್ಡು ತಾಕಿದರೆ ಬ್ರೇಕ್ ಹಿಡಿಯದೆ ಜೀವ ಹೋಗುತ್ತೆ!"

ಡಾಕ್ಟರಮ್ಮ ಸ್ಪಿರಿಟ್ ಬಾಟಲಿ ಕೊಟ್ಟರು. ಅವಳು ಉರುಳೆಯನ್ನು ಮೂರು ಸಲ ಉಜ್ಜಿ ಒರೆಸಿದಳು.

ಈಗ ಹಿಡಿಕೆ ತಿರುಗಿತು, ಒಂದೇ ಕೈಗೆ!

ಡಾಕ್ಟರಮ್ಮ ಆಚೆ ಹೋದರು. ಠಾಣೆಯ ಅಡುಗೆಯವನೂ ಅವರೂ ಸೇರಿ ವೀಕ್ಷಕನನ್ನು ಪೆಟ್ಟಿಗೆಗೆ ಏರಿಸಿದರು. ಡಾಕ್ಟರಮ್ಮ ಪಕ್ಕದಲ್ಲೇ ಕೂತರು. ಪೆಟ್ಟಿಗೆ ನಡುಕಮರಿ ದಾಟಿ ಈಚೆಗೆ ಏರತೊಡಗಿತು.

ಗಾಳಿ ಅಪ್ಪಳಿಸಿತು.

ಹಿಡಿಕೆ ಭಾವನ ಕೈಯಿಂದ ಜಾರಿತು. ರಾಟೆ ಗಿರ್ರನೆ ಹಿಂದಕ್ಕೆ ಸುತ್ತಿತು. ಪೆಟ್ಟಿಗೆ ಹಿಂದೆ ಹಿಂದೆ ಓಡಿತು.

ಅವಳು ಬ್ರೇಕಿನ ಸನ್ನೆಗೋಲಿನ ಮೇಲೆ ಬಿದ್ದಳು. ಉರುಳೆ ಕಿರುಚಿತು. ನಿಂತಿತು. ಪೆಟ್ಟಿಗೆ ತೊಟ್ಟಿಲಿನಂತೆ ತೂಗಿತು.

"ಎಳೀರಿ ಭಾವ, ಈಗ!"

ಇಬ್ಬರೂ ಎಳೆದರು. ಪೆಟ್ಟಿಗೆ ದಡ ಮುಟ್ಟಿದಾಗ ವೀಕ್ಷಕ ಕಣ್ಣುಬಿಟ್ಟು, "ದಾಟಿದ್ವಾ?" ಎಂದ.

ಆಮೇಲೆ ಅಡುಗೆಯವನನ್ನೂ ದಾಟಿಸಿಕೊಂಡರು. ಸ್ಟ್ರೆಚರ್ ಹೊತ್ತು ಮೂರು ದಿನ ಇಳಿದರು.

ರಸ್ತೆಯಲ್ಲಿ ಆಂಬುಲೆನ್ಸ್ ಕಾದಿತ್ತು. ಡ್ರೈವರ್ ಕೇಳುವ ಮೊದಲೇ ಭಾವ ಶುರುಮಾಡಿದ: "ಇವಳು ನಮ್ಮ ನಾದಿನಿ. ಏನು ಮಾಡಿದಳು ಗೊತ್ತೇನ್ರಿ..."

"ತಪ್ಪನ್ನೂ ಹೇಳಿ ಭಾವ," ಎಂದಳು ಅವಳು.

"ಹೇಳ್ತೀನಿ, ಹೇಳ್ತೀನಿ. ಅದನ್ನ ಸರಿಮಾಡಿದ್ದೇ ಅಲ್ವೇನೇ ಕತೆ!"

ಮೆಕ್ಯಾನಿಕ್ ನಕ್ಕು, ಕರಿಗೈಗಳನ್ನು ಜೇಬಿಗಿಳಿಸಿ, ವೀಕ್ಷಕನನ್ನು ಹೊತ್ತು ಹೊರಟ ಆಂಬುಲೆನ್ಸ್ ತಿರುವು ದಾಟುವವರೆಗೆ ನೋಡುತ್ತ ನಿಂತಳು.