ಲಂಗರಿನ ಹಗ್ಗ ಸಿಗದ ದಿನ

ದಿನವಿಡೀ ಕಂಡವರ ಬಾಯೊಳಗೆ ಕೈಯಿಟ್ಟು ದುಡಿಯುವ ಹಲ್ಲಿನ ಡಾಕ್ಟರಿಗೆ ಹೇಸಿಗೆ ಎಲ್ಲಿಂದ ಬರಬೇಕು ಎಂದು ಅಕ್ಕ ಅಣಕಿಸುತ್ತಿದ್ದಳು. ಆದರೆ ಕಡಲೊಳಗೆ ಮುಳುಗಿ ಈಜುವವರ ಈ ಸ್ಕೂಬಾ ದೋಣಿ ಹತ್ತಿದರೆ ಸಾಕು, ತಂಗಿಗೆ ಎಲ್ಲವೂ ಹೇಸಿಗೆ. ಡೀಸೆಲ್ ಹೊಗೆ, ಯಾರ್ಯಾರೋ ತೊಟ್ಟು ಒಳಗೇ ಉಚ್ಚೆ ಹೊಯ್ದ ಬಾಡಿಗೆಯ ರಬ್ಬರ್ ಸೂಟು, ಗಾಜು ಮಬ್ಬಾಗದಿರಲೆಂದು ಎಲ್ಲರೂ ತಂತಮ್ಮ ಮಾಸ್ಕಿಗೆ ಉಗಿದು ಉಜ್ಜುವ ಸದ್ದು.

ಇಂದು ಅದೆಲ್ಲಕ್ಕಿಂತ ಅಸಹ್ಯವೆನಿಸಿದ್ದು ದೋಣಿಯವನ ಒಂದು ಮಾತು.

ಈ ದೋಣಿಯಲ್ಲಿ ಗೈಡ್ ಇರಲಿಲ್ಲ. ಅದಕ್ಕೆಂದೇ ಅವಳು ಇದನ್ನು ಆರಿಸಿಕೊಂಡಿದ್ದಳು. ಇಷ್ಟು ವರ್ಷ ಗೈಡಿನ ಹಿಂದೆ ಬಾತುಮರಿಯಂತೆ ಈಜಿ ಕಲಿತದ್ದು ಸೊನ್ನೆ. ಇಲ್ಲಿ ಇಬ್ಬಿಬ್ಬರಾಗಿ ಧುಮುಕಿ, ದಿಕ್ಸೂಚಿ ನೋಡಿಕೊಂಡು ಬಂಡೆ ಸುತ್ತಿ, ಲಂಗರಿನ ಹಗ್ಗಕ್ಕೆ ತಾವೇ ಮರಳಬೇಕು. ಅವಳ ಜೋಡಿ ಕನ್ನಡಕದಂಗಡಿಯವನು, ಮಾಸ್ಕಿಗೆ ನಂಬರಿನ ಗಾಜು ಹಾಕಿಸಲು ಹೋದಾಗ ಪರಿಚಯವಾದವನು. ಮುಂದೆ ಈಜಿ ದಾರಿ ಹುಡುಕುವುದು ಅವಳ ಪಾಲು. ಪ್ರತಿ ಸಲವೂ ಹಗ್ಗ ಸಿಕ್ಕಿತ್ತು. ಗಂಡನಿಂದ ಬೇರೆಯಾದ ಮೇಲೆ ಇದು ನನ್ನ ಸ್ವಂತದ್ದು ಎನ್ನಲು ಅವಳಲ್ಲಿದ್ದುದು ಅದೊಂದೇ.

ಕಳೆದ ವಾರ ಕನ್ನಡಕದಂಗಡಿಯವನು ಮದುವೆಯ ಮಾತೆತ್ತಿದ್ದ. ಮುಂದಿನ ವಾರ ಹೇಳುತ್ತೇನೆ ಎಂದಿದ್ದಳು. ಅಕ್ಕ ಆಗಲೇ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯತೊಡಗಿದ್ದಳು.

ದೋಣಿಯವನು ಲಂಗರು ಇಳಿಸುತ್ತಾ ಸಲೀಸಾಗಿ ಹೇಳಿದ: “ನೀರು ತಿಳಿಯಾಗಿದ್ರೆ ಮೇಲಿಂದ ಎಲ್ಲಾ ಕಾಣತ್ತಮ್ಮ. ನೀವು ದಾರಿ ತಪ್ಪಿದಾಗೆಲ್ಲ ನಿಮ್ಮ ಜೋಡಿಯವರು ಪಕ್ಕಕ್ಕೆ ಬಂದು ಭುಜ ಒತ್ತಿ ತಿರುಗಿಸ್ತಾರೆ. ಎಮ್ಮೆ ಹೊಡ್ಕೊಂಡು ಬಂದ ಹಾಗೆ.”

ಅವಳ ಮೈಮೇಲೆ ಹುಳು ಹರಿದಂತಾಯಿತು. ನೀರೊಳಗೆ ಆ ಭುಜ ತಾಗಿದಾಗೆಲ್ಲ ಅವಳು ಅದನ್ನು ಒಲವೆಂದುಕೊಂಡಿದ್ದಳು. ಕ್ಲಿನಿಕ್ಕಿನಲ್ಲಿ ಯಾರದೋ ದವಡೆ ಹಿಡಿದಿದ್ದಾಗಲೂ ನೆನೆದು ನಸುನಕ್ಕಿದ್ದಳು.

ನಿಜವೇ ಎಂದು ಕನ್ನಡಕದಂಗಡಿಯವನನ್ನು ಕೇಳಿದಳು. ಅವನು ತಲೆ ತಗ್ಗಿಸಿದ. “ಹಗ್ಗ ಸಿಕ್ಕಾಗ ನಿಮ್ಮ ಮುಖ ನೋಡೋಕೆ ಚೆನ್ನಾಗಿರತ್ತೆ ಡಾಕ್ಟ್ರೇ. ಅದಕ್ಕೆ.”

“ನಂಗೆ ಅಸಹ್ಯ ಆಗ್ತಿದೆ. ನನ್ನ ಗಂಡನೂ ಹೀಗೇ, ನಂಗೆ ಗೊತ್ತಾಗದ ಹಾಗೆ ನನ್ನ ಬದುಕು ನಡೆಸ್ತಿದ್ದ. ಇವತ್ತು ಸಿಲಿಂಡರಲ್ಲಿ ಗಾಳಿ ಕಮ್ಮಿಯಾದ್ರೆ ಮಾತ್ರ ಹೇಳಿ. ಇನ್ನೇನಕ್ಕಾದ್ರೂ ಕೈ ಹಾಕಿದ್ರೆ, ನನ್ನ ಉತ್ತರ ಏನು ಅಂತ ನಿಮಗೇ ಗೊತ್ತು.”

ಇಬ್ಬರೂ ಧುಮುಕಿದರು. ಅವನು ಮಾರು ದೂರದಲ್ಲೇ ಉಳಿದ. ಬಂಡೆಯ ಸಂದಿಯಲ್ಲಿ ಹರಿದ ಬಲೆಯೊಳಗೆ ಸತ್ತ ಮೀನೊಂದು ಕೊಳೆತು ಎಳೆಎಳೆಯಾಗಿತ್ತು. ಅವಳು ಮುಖ ತಿರುಗಿಸಿದಳು. ಹಿಂದಿರುಗುವಾಗ ಬಂಡೆ ಎರಡಾಗಿ ಸೀಳಿದಲ್ಲಿ ಎಡವೋ ಬಲವೋ ಗೊತ್ತಾಗದೆ ನಿಂತಳು. ತಡೆಯಲಾರದೆ ಅವನತ್ತ ನೋಡಿಯೂಬಿಟ್ಟಳು. ಅವನು ತುಂಟತನ ಬಿಟ್ಟ ಶಾಲೆಯ ಹುಡುಗನಂತೆ ಕೈಕಟ್ಟಿ ತೇಲುತ್ತಿದ್ದ. ಗಾಜಿನ ಹಿಂದೆ ಕಣ್ಣು ಅವಳ ಮೇಲೇ ಇತ್ತು, ಯಾವ ಕಡೆಗೂ ಹೊರಳಲಿಲ್ಲ.

ಅವಳು ಬಲಕ್ಕೆ ಹೋದಳು. ಹಗ್ಗ ಸಿಗಲಿಲ್ಲ. ಮರಳು, ಮುಂದೆಯೂ ಮರಳು. ಗಾಳಿ ಸಾಕಷ್ಟು ಉಳಿದಿರುವಾಗಲೇ ಸೋಲೊಪ್ಪಿ, ಗುರುತಿನ ಕೆಂಪು ಬಲೂನು ಬಿಟ್ಟು, ಅವನೊಡನೆ ನಿಧಾನಕ್ಕೆ ಮೇಲೆ ಬಂದಳು. ದೂರದಲ್ಲಿ ದೋಣಿ ಬೆಂಕಿಪೊಟ್ಟಣದಷ್ಟಾಗಿತ್ತು. ಬಲೂನು ಕಂಡ ದೋಣಿಯವನು ಲಂಗರು ಎತ್ತತೊಡಗಿದ್ದ.

ಅಲೆಗಳ ತೊನೆದಾಟಕ್ಕೆ ಕನ್ನಡಕದಂಗಡಿಯವನು ಬಿಳಿಚಿಕೊಂಡು ವಾಂತಿ ಮಾಡಿಕೊಂಡ. ಅದನ್ನು ಮುಕ್ಕಲು ಪುಟ್ಟ ಮೀನುಗಳು ಮುತ್ತಿದವು. ಅವಳಿಗೆ ಉಬ್ಬಳಿಕೆ ಬಂತು. ಆದರೂ ಅವನ ಗದ್ದ ನೀರಿಗೆ ತಾಗದಂತೆ ಎತ್ತಿ ಹಿಡಿದಳು.

“ಎಡಕ್ಕೆ ಹೋಗ್ಬೇಕು ಅಂತ ಗೊತ್ತಿತ್ತಾ?”

“ಗೊತ್ತಿತ್ತು.”

“ಅಲೆಗೆ ಹೀಗಾಗತ್ತೆ ಅಂತಾನೂ?”

“ಅದಂತೂ ಚೆನ್ನಾಗಿ ಗೊತ್ತಿತ್ತು,” ಎಂದವನು ಮತ್ತೆ ಕಕ್ಕಿದ.

ಹೇಸಿಗೆಯೇನೋ ಹೇಸಿಗೆಯೇ. ಆದರೆ ಇದರಲ್ಲಿ ಮುಚ್ಚುಮರೆ ಇರಲಿಲ್ಲ. ತನ್ನ ತಪ್ಪು ದಾರಿಯಲ್ಲಿ, ತಪ್ಪೆಂದು ತಿಳಿದೂ, ಬಾಯಿಬಿಡದೆ ಹಿಂದೆ ಬಂದ ಗಂಡಸನ್ನು ಅವಳು ಈವರೆಗೆ ಕಂಡಿರಲಿಲ್ಲ.

“ಹಗ್ಗ ಸಿಗೋವರೆಗೂ ಪ್ರತಿ ವಾರ ಇಲ್ಲೇ ಇಳೀತೀನಿ. ನೀವೂ ಬರ್ತೀರಾ?”

“ಮದುವೆ ವಿಷಯ?”

“ಒಪ್ಪಿಗೆ ಇಲ್ದಿದ್ರೆ ಬೇರೆ ಜೋಡಿ ಹುಡುಕ್ಕೊಳ್ತಿದ್ದೆ.”

ಅವನು ತೇಲುತ್ತಲೇ ಮುಖವನ್ನು ಹತ್ತಿರ ತಂದ. ಅವಳು ಕೈಯಡ್ಡ ಹಿಡಿದಳು.

“ಮೊದಲು ಬಾಯಿ ಮುಕ್ಕಳಿಸಿ.”

ಅವನು ಕಡಲನ್ನೇ ಬೊಗಸೆಯಲ್ಲಿ ಎತ್ತಿಕೊಂಡ.