ಕಾಲುಂಗುರ ನೋಡಿದ ವರದಿಗಾರ್ತಿ

ಅಮೋಲನ ಡಬ್ಬಿಗೇ ಕೈ ಹಾಕಿ ಆ ಹೆಂಗಸು ಪಲ್ಯ ಎತ್ತಿಕೊಂಡು ತಿಂದಳು!

ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ ಮಾಯಾಳ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು.

ಭಾಲ್ಕಿಯ ಇದೇ ಶಾಲೆಯಲ್ಲಿ ಓದಿ, ಈಗ ಬೀದರಿನ ಪತ್ರಿಕೆಯೊಂದರಲ್ಲಿ ವರದಿಗಾರ್ತಿಯಾಗಿರುವ ಅವಳು, ಗೋಡೆ ಪತ್ರಿಕೆ ಹೊರತರುವ ಮಕ್ಕಳಿಗೆ ಸುದ್ದಿ ಬರೆಯುವುದನ್ನು ಕಲಿಸಲು ಅತಿಥಿಯಾಗಿ ಬಂದಿದ್ದಳು. ಅದೆಲ್ಲ ನೆಪ! ಶಾಲೆಯ ದಿನಗಳಲ್ಲಿ ಅವಳ ಜೊತೆ ಅದೇ ಗೋಡೆ ಪತ್ರಿಕೆ ಬರೆಯುತ್ತಿದ್ದ ಅಮೋಲ ಈಗ ಇಲ್ಲೇ ಕನ್ನಡ ಮಾಸ್ತರ. ಇಷ್ಟು ವರ್ಷ ಮನಸ್ಸಿನಲ್ಲಿದ್ದದ್ದನ್ನು ಅವನಿಗೆ ಇವತ್ತು ಹೇಳಿಯೇಬಿಡಬೇಕೆಂದು ಬಂದಿದ್ದಳು.

"ಬರ್ರಿ ಮೇಡಂ, ಬರ್ರಿ!" ಅಮೋಲ ಎದ್ದು ನಿಂತ. "ಇವರು ನವೊಮಿ ಟೀಚರ್. ವಿಜ್ಞಾನ ಹೇಳ್ತಾರ."

ಮೇಡಂ ಅಂತೆ ಮೇಡಂ! ಆಗೆಲ್ಲ 'ಏ ಮಾಯಾ' ಅನ್ನುತ್ತಿದ್ದವನು!

"ಬದನಿಕಾಯಿ ಪಲ್ಯ ಭಾರಿ ಆಗೇದ ನೋಡ್ರಿ. ನೀವೂ ತಿನ್ರಿ," ಎಂದಳು ನವೊಮಿ.

"ಬ್ಯಾಡ್ರಿ. ಹೊಟ್ಟಿ ತುಂಬೇದ." ಮಾಯಾ ಬೆಳಿಗ್ಗೆಯಿಂದ ಚಹಾ ಬಿಟ್ಟರೆ ಏನೂ ತಿಂದಿರಲಿಲ್ಲ.

ಅವಳ ಕಣ್ಣು ತಾನಾಗಿಯೇ ನವೊಮಿಯನ್ನು ಅಳೆಯಿತು. ಹಣೆಯಲ್ಲಿ ಕುಂಕುಮ ಇಲ್ಲ. ಕೊರಳಲ್ಲಿ ತಾಳಿ ಇಲ್ಲ. ಕಾಲಲ್ಲಿ ಕಾಲುಂಗುರವೂ ಇಲ್ಲ...

ಅಂದರೆ ಲಗ್ನವಾಗಿಲ್ಲ! ಅಮೋಲನನ್ನೇ ಮಾಡಿಕೊಳ್ಳುವವಳು! ಇನ್ನು ಹೇಳುವುದಾದರೂ ಏನು? ಪಾಠ ಮುಗಿಸಿ, ಬಾಯಿ ಮುಚ್ಚಿಕೊಂಡು ಬೀದರ ಬಸ್ಸು ಹತ್ತುವುದು. ಮತ್ತೆ ಈ ಕಡೆ ತಲೆ ಹಾಕುವುದಿಲ್ಲ ಎಂದು ನಿರ್ಧರಿಸಿದಳು.

"ಕಣ್ಣಿಗೆ ಕಂಡದ್ದಷ್ಟೇ ಬರೀರಿ," ತರಗತಿಯಲ್ಲಿ ಮಕ್ಕಳಿಗೆ ಹೇಳಿದಳು. "ಕಾರಣ ನೀವೇ ಊಹಿಸಬ್ಯಾಡ್ರಿ. ಹೋಗಿ ಕೇಳ್ರಿ."

ಅಬ್ಬಾ, ಯಾರು ಯಾರಿಗೆ ಬುದ್ಧಿ ಹೇಳುತ್ತಿದ್ದಾರೆ ನೋಡಿ!

"ಈಗ ಇಲ್ಲಿ ಏನು ನೋಡಿದ್ರಿ, ಅದನ್ನ ಒಂದು ಸಣ್ಣ ಸುದ್ದಿ ಮಾಡ್ರಿ."

ಮಕ್ಕಳು ಬರೆಯತೊಡಗಿದರು. ತರಗತಿಯ ಹಿಂಬದಿಯಲ್ಲಿ ಅಮೋಲ ಮತ್ತು ನವೊಮಿ ಅಕ್ಕಪಕ್ಕ ಕೂತು ಪಿಸುಗುಡುತ್ತಿದ್ದರು. ಅಷ್ಟು ಹತ್ತಿರ ಕೂಡಬೇಕೇ? ಈ ಶಾಲೆಯಲ್ಲಿ ಬೇರೆ ಕುರ್ಚಿಯೇ ಇಲ್ಲವೇ?

ಒಂಬತ್ತನೆಯ ತರಗತಿಯ ಆಯೆಶಾ ಎದ್ದು ಗಂಟಲು ಸರಿಮಾಡಿಕೊಂಡಳು.

"ಭಾಲ್ಕಿ: ನಮ್ಮ ಶಾಲೆಗೆ ಇಂದು ಪತ್ರಕರ್ತೆ ಮಾಯಾ ಮೇಡಂ ಆಗಮಿಸಿದರು. ಪಾಠದ ನಡುವೆ ಅವರು ನವೊಮಿ ಟೀಚರ್ ಕಾಲಿನ ಕಡೆ ಮತ್ತೆ ಮತ್ತೆ ನೋಡಿದರು. ಅಮೋಲ ಸರ್ ನಕ್ಕಾಗಲೆಲ್ಲ ಮೇಡಂ ಕೈಯಲ್ಲಿದ್ದ ಸೀಮೆಸುಣ್ಣ ಮುರಿಯಿತು. ಕಾರಣ ತಿಳಿದುಬಂದಿಲ್ಲ."

ಇಡೀ ತರಗತಿ ಗೊಳ್ಳೆಂದಿತು.

"ಕಾರಣ ಕೇಳಬೇಕು ಅಂದಿದ್ರಲ್ರಿ ಮೇಡಂ?" ಆಯೆಶಾ ಪೆನ್ನು ಹಿಡಿದು ನಿಂತಳು. "ಯಾಕ ನೋಡಿದ್ರಿ?"

ಭೂಮಿ ಬಾಯಿ ಬಿಡಬಾರದೇ!

"ಅದು... ಕಾಲುಂಗುರ..." ಬಾಯಿ ತಪ್ಪಿ ಬಂದೇಬಿಟ್ಟಿತು.

ನವೊಮಿ ಪಕ್ಕೆ ಹಿಡಿದುಕೊಂಡು ನಕ್ಕಳು. ಎಡಗೈ ಎತ್ತಿ ಬೆರಳು ತೋರಿಸಿದಳು. "ನಾವು ಮೆಥೊಡಿಸ್ಟ್ ಕ್ರಿಶ್ಚನ್ ಮಂದಿರಿ ಮೇಡಂ. ನಮ್ಮ ಮನ್ಯಾಗ ಲಗ್ನಕ್ಕ ಇದೇ ಉಂಗುರ. ನಮ್ಮ ಯಜಮಾನ್ರು ಫಿಲಿಪ ಅವ್ರು ಚರ್ಚಿನ್ಯಾಗ ಹಾಕಿದ್ದು! ಅಮೋಲ ಸರ್ ನನಗ ತಮ್ಮ ಇದ್ದಂಗ. 'ಮಾಯಾ ಬಂದಾಳ, ಈಗರೆ ಬಾಯಿ ಬಿಡು' ಅಂತ ಇಷ್ಟೊತ್ತು ಇವಗ ಬಡಕೊಳ್ಳಲತ್ತಿದ್ದೆ!"

ಗಂಟೆ ಹೊಡೆದದ್ದೇ ತಡ, ಮಾಯಾ ಚೀಲ ಎತ್ತಿಕೊಂಡು ವರಾಂಡಕ್ಕೆ ಓಡಿದಳು. ಅಮೋಲ ಬೆನ್ನಿಗೇ ಬಂದ.

"ನಿಲ್ಲು ಮಾಯಾ!"

"ನಗಲಿಕ್ಕ ಬಂದೀಯೇನು?"

"ಇಲ್ಲ. ನನ್ನ ಹೊಟ್ಟಿಕಿಚ್ಚೂ ಒಂದೀಟು ಕೇಳು. ದಿನಾ ಮುಂಜಾನಿ ಪೇಪರಿನ್ಯಾಗ ನಿನ್ನ ಹೆಸರು ಹುಡುಕ್ತೇನಿ. ಬಾಜೂಕ ಏನಿರ್ತದ? ಚಿತ್ರ: ಸುಮಿತ! ಗಾಂಧಿ ಗಂಜಕ್ಕ ಹೋದ್ರೂ ಸುಮಿತ, ಬಗದಲ್‌ಗೆ ಹೋದ್ರೂ ಸುಮಿತ! ಎಲ್ಲಾ ಕಡಿ ನೀ ಅವನ ಜೋಡಿನೇ... ಅದಕ್ಕೇ ಫೋನ್ ಮಾಡ್ಲಿಲ್ಲ."

ಮಾಯಾ ಹಣೆ ಬಡಿದುಕೊಂಡಳು. "ಫೋಟೋ ತೆಗೆಯೋ ಸುಮಿತ ಅಣ್ಣಗ ಕಾಲೇಜಿಗೆ ಹೋಗೋ ಮಗಳಿದ್ದಾಳ, ಹುಚ್ಚಾ!"

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ಅವಳ ಕಣ್ಣು ತುಂಬಿತು.

"ನಿನ್ನ ಮ್ಯಾಲೆ ಜೀವ ಇಟ್ಟೀನಿ ಅಮೋಲ. ಅದನ್ನ ಹೇಳಲಿಕ್ಕೇ ಬಂದಿದ್ದೆ... ಹೇಳದೇ ಹೊಂಟಿದ್ದೆ."

"ನನಗೂ ನಿನ್ನ ಬಿಟ್ರ ಯಾರೂ ಬ್ಯಾಡ." ಅವನು ಅವಳ ಚೀಲ ತೆಗೆದುಕೊಂಡು ತನ್ನ ಹೆಗಲಿಗೆ ಹಾಕಿಕೊಂಡ. "ಬೀದರಕ್ಕ ಹೋಗಬ್ಯಾಡ. ಔರಾದಕ್ಕ ನಡಿ, ನಮ್ಮ ಅವ್ವಗ ಭೇಟಿ ಆಗು."

"ಇವತ್ತೇ?"

"ಇವತ್ತೇ."

"ಯಾರಿಕಿ ಅಂತ ಅವ್ವ ಕೇಳಿದ್ರ?"

"ನಿನ್ನ ಸೊಸಿ ಅಂತ ಹೇಳ್ತೇನಿ."

ಮಾಯಾ ಕಣ್ಣೊರೆಸಿಕೊಂಡಳು. "ಹಂಗಾದ್ರ ತಡಿ... ಮಾರಿ ತೊಳ್ಕೊಂಡು ಬರ್ತೇನಿ!"