ತುಳಿಯಬಾರದ ಹುಲ್ಲು

ಕೆರೆಯ ಮೀನುಗಳ ಹೊಟ್ಟೆಯಲ್ಲಿ ಪರಾವಲಂಬಿ ಹುಳ ಹುಡುಕುವುದು ಅವಳ ಕೆಲಸ. ಎಲ್ಲಿಂದಲೋ ಬಂದು ಹುಲ್ಲುಗಾವಲನ್ನೇ ನುಂಗುತ್ತಿದ್ದ ಹೊರನಾಡಿನ ಹುಲ್ಲಿನ ಬೆನ್ನು ಹತ್ತುವುದು ಅವನದು. ಸಂಶೋಧನಾ ಕೇಂದ್ರದಲ್ಲಿ ಎಲ್ಲರ ಬಾಯಲ್ಲೂ ಅವರು ಹುಳದಮ್ಮ, ಹುಲ್ಲಪ್ಪ.

ಆ ಬೆಳಿಗ್ಗೆ ಅವಳು ಅವನ ಕೋಣೆಗೆ ಬಂದಾಗ ಹುಲ್ಲಪ್ಪ ತಲೆ ಎತ್ತಲಿಲ್ಲ. ಮೇಜಿನ ಮೇಲೆ ಬೇರುಸಮೇತ ಕಿತ್ತ ಎಳೆ ಸಸಿಗಳಿದ್ದವು.

“ಈ ಹುಲ್ಲು ಸೋಕಬಾರದು ಅಂತ ಹಗ್ಗ ಕಟ್ಟಿ ಕಾಪಾಡಿದ್ದೆನಲ್ಲ, ಆ ಪ್ಲಾಟ್‌ನಲ್ಲೇ ಸಿಕ್ತು. ಇಷ್ಟು ವರ್ಷದ ಕೆಲಸ ನೀರುಪಾಲು. ಕಾವಲಿನ ಅಣ್ಣನೇ ತುಳಿದು ಬೀಜ ತಂದಿರಬೇಕು. ಎಲ್ಲರ ಮುಂದೇನೇ ಬೈದು, ಇನ್ಮೇಲೆ ಬರಬೇಡಿ ಅಂದುಬಿಟ್ಟೆ.”

ಅವಳು ತನ್ನ ಬೂಟಿನತ್ತ ನೋಡಿದಳು.

ಕೆರೆಯಿಂದ ಅವನ ಕೋಣೆಗೆ ಸುತ್ತುದಾರಿ. ಅವನು ಟೀ ಇಟ್ಟುಕೊಂಡು ಕಾಯುತ್ತಾನೆಂದು, ಹಗ್ಗ ದಾಟಿ ಆ ಪ್ಲಾಟಿನ ನಡುವೆಯೇ ಎಷ್ಟೋ ಸಂಜೆ ಓಡಿ ಬಂದಿದ್ದಳು. ಕೆರೆದಡದಲ್ಲಿ ಹಬ್ಬಿದ್ದ ಅದೇ ಹುಲ್ಲಿನ ಬೀಜ ಸಾಕ್ಸಿಗೆ ಅಂಟಿರುತ್ತಿತ್ತು. ಅವನೇ ಬಗ್ಗಿ ಒಂದೊಂದನ್ನೇ ಬಿಡಿಸುತ್ತ, “ಮೇಡಂ ಕಾಲಿಗೂ ನನ್ನ ಹುಲ್ಲಿನ ಮೇಲೇ ಕಣ್ಣು” ಎಂದು ಓರೆನೋಟದಲ್ಲಿ ಕೆಣಕುತ್ತಿದ್ದ. ಆಗೆಲ್ಲ ಅವಳ ಕಿವಿ ಕೆಂಪಗಾಗುತ್ತಿತ್ತು.

ಬಾಯಿ ಬಿಡದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮಧ್ಯಾಹ್ನದವರೆಗೆ ಬಿಡಲೂ ಇಲ್ಲ. ಆದರೆ ಕಿಟಕಿಯಾಚೆ ಕಾವಲಿನವನು ಬುತ್ತಿ ಚೀಲ, ಛತ್ರಿ ಎತ್ತಿಕೊಂಡು ಗೇಟಿನತ್ತ ಹೋಗುವುದು ಕಂಡಿತು. ಮೈಕ್ರೋಸ್ಕೋಪ್ ಬಿಟ್ಟು ಎದ್ದು ಹುಲ್ಲಪ್ಪನ ಕೋಣೆಗೆ ಓಡಿದಳು.

“ತುಳಿದದ್ದು ಅವರಲ್ಲ, ನಾನು,” ಎಂದಳು ಅವನ ಬಾಗಿಲಲ್ಲಿ.

“ನೀವಾ? ಗೊತ್ತಿದ್ದೂ?”

“ಗೊತ್ತಿದ್ದೂ. ನಿಮ್ಮನ್ನ ನೋಡೋಕೆ ಸುತ್ತಿಕೊಂಡು ಬರುವಷ್ಟು ತಾಳ್ಮೆ ಇರಲಿಲ್ಲ. ಇದನ್ನ ಹೀಗೆ ಹೇಳ್ತೀನಿ ಅಂದ್ಕೊಂಡಿರಲಿಲ್ಲ.”

ಅವನು ಸಸಿಗಳನ್ನೇ ನೋಡುತ್ತ ಮೆಲ್ಲಗೆ ಹೇಳಿದ, “ಹೆಜ್ಜೆ ನೋಡಿದ್ದೆ. ಚಿಕ್ಕ ಬೂಟು. ಯಾರದ್ದು ಅಂತ ಮನಸ್ಸು ಹೇಳ್ತಾನೇ ಇತ್ತು. ಕೇಳಿದ್ರೆ ಎಲ್ಲಿ ನೀವು ಬರೋದೇ ನಿಲ್ಲಿಸ್ತೀರೋ ಅಂತ ಹೆದರಿ ಆ ಪಾಪದವರ ತಲೆಗೆ ಕಟ್ಟಿದೆ.”

ಇಬ್ಬರಿಗೂ ಮುಖ ಎತ್ತಲಾಗಲಿಲ್ಲ. ಕಾವಲಿನವನನ್ನು ಹುಡುಕಿಕೊಂಡು ಹೊರಗೆ ಓಡಿದರು.

ಬಸ್‌ಸ್ಟಾಪಿನಲ್ಲಿ ಕುಳಿತಿದ್ದ ಕಾವಲಿನವನು ಇಬ್ಬರೂ ತಪ್ಪೊಪ್ಪಿಕೊಂಡದ್ದನ್ನು ಕೇಳಿಸಿಕೊಂಡ. “ನಿಮ್ಮ ಪ್ರೀತಿಗೆ ನನ್ನ ಮಾನವೇ ಬೇಕಾಯ್ತಾ, ಸಾರ್?” ಎಂದ. ದನಿ ಏರಿಸಲಿಲ್ಲ. “ನನ್ನನ್ನ ಬೈದದ್ದು ಎಲ್ಲರ ಮುಂದೆ. ಇದನ್ನೂ ಎಲ್ಲರ ಮುಂದೆ ಹೇಳಿ. ಆಮೇಲೆ ಬರ್ತೀನಿ.”

ಹಿಂದಿರುಗುವಾಗ ಅವಳ ಕಣ್ಣು ತುಂಬಿತ್ತು. ಅವನು ಅಳುಕುತ್ತಲೇ ಅವಳ ಬೆರಳು ಹಿಡಿದ. ಬಿಡಿಸಿಕೊಳ್ಳಬೇಕೆಂದು ಅವಳಿಗೆ ಅನ್ನಿಸಿತು, ಆಗಲಿಲ್ಲ.

“ಏನಂತ ಹೇಳೋದು?” ಎಂದಳು.

“ತುಳಿದದ್ದನ್ನ ನೀವು ಹೇಳಿ. ಯಾಕೆ ಅನ್ನೋದನ್ನ ನಾನು ಹೇಳ್ತೀನಿ.”